ಅಯೋವಾದಿಂದ ಅಪ್ಪನಿಗೆ

ಅಪ್ಪ, ಅವ್ವ, ಇಬ್ಬರಿಗೂ ನಮಸ್ಕಾರ.

"ಅಲ್ಲಿ ಸರ್ಕಾರ ರೈತರಿಗೆ ರೊಕ್ಕ ಸುರೀತದಂತ, ಖರೇನಾ?" ಅಂತ ಕೇಳಿದ್ರಿ. ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಖರೆ. ಆದ್ರೆ ಲೆಕ್ಕ ಬೇರೆ. ಅಮೆರಿಕದ ಅಯೋವಾ ರಾಜ್ಯದಲ್ಲಿ ನಾನಿರುವ ಸ್ಟೋರಿ ಕೌಂಟಿಯಲ್ಲಿ (ಕೌಂಟಿ ಅಂದ್ರೆ ನಮ್ಮ ಜಿಲ್ಲೆ ಇದ್ದ ಹಾಗೆ) ಎತ್ತ ನೋಡಿದರೂ ಗೋವಿನಜೋಳ, ಸೋಯಾ. ಗೋವಿನಜೋಳ ಎಕರೆಗೆ ಐವತ್ತು ಕ್ವಿಂಟಲ್ ಬರುತ್ತದೆ, ಹೊಟ್ಟೆ ಉರ್ಕೋಬೇಡಿ! ಕೌಂಟಿ ಮಟ್ಟದಲ್ಲಿ ಸರ್ಕಾರದ ಕೃಷಿ ಕಚೇರಿ ಇದೆ, ಅದರ ಸಮಿತಿಗೆ ರೈತರೇ ಓಟು ಹಾಕಿ ರೈತರನ್ನು ಆರಿಸುತ್ತಾರೆ. ನಮ್ಮ ಮನೆ ಮಾಲೀಕರು ರೈತರು. ಬಿತ್ತನೆ ವಿವರವನ್ನು ಜುಲೈ 15ರೊಳಗೆ ಕೊಡಬೇಕು, ಅವರ ಜೊತೆ ನಾನೂ ಹೋಗಿದ್ದೆ. ಮೇಲಿನಿಂದ ತೆಗೆದ ಫೋಟೋದ ನಕ್ಷೆ. ಒಂದೊಂದು ಹೊಲಕ್ಕೂ ನಂಬರು. ಎಲ್ಲಿ ಏನು ಬಿತ್ತಿದ್ದಾರೆ, ಯಾವ ತಾರೀಖಿಗೆ, ಎಲ್ಲ ಹೇಳಿ ಸಹಿ ಹಾಕಿದರು. ತಮಾಷೆ ಅಂದ್ರೆ, ಬೆಲೆ ಬಿದ್ದಾಗ ಬರುವ ಹಣಕ್ಕೆ ಈ ವರ್ಷದ ಬಿತ್ತನೆ ಲೆಕ್ಕಕ್ಕೇ ಇಲ್ಲ. ಹಿಂದಿನ ವರ್ಷಗಳಲ್ಲಿ ಆ ಹೊಲದಲ್ಲಿ ಏನಿತ್ತು ಅನ್ನುವ ಹಳೇ ದಾಖಲೆ ಮೇಲೆ ಕೊಡುತ್ತಾರೆ. ದಾಖಲೆಯಲ್ಲಿ ಗೋವಿನಜೋಳ ಇದ್ದರೆ, ಈಗ ಸೋಯಾ ಹಾಕಿದರೂ ಗೋವಿನಜೋಳದ್ದೇ ಹಣ. ಅದೂ ನೂರಕ್ಕೆ 85 ಎಕರೆಗೆ ಮಾತ್ರ.

ಗೋವಿನಜೋಳಕ್ಕೆ ಕಾನೂನಿನಲ್ಲಿ ಬರೆದ ಆಧಾರ ಬೆಲೆ ಬುಶೆಲ್‌ಗೆ 3.70 ಡಾಲರ್ ಇತ್ತು, 2025ರಲ್ಲಿ 4.10 ಮಾಡಿದರು. ಒಂದು ಬುಶೆಲ್ ಅಂದ್ರೆ ಇಪ್ಪತ್ತೈದೂವರೆ ಕಿಲೋ ಹತ್ತಿರ. ಲೆಕ್ಕ ಹಾಕಿದರೆ ಕ್ವಿಂಟಲ್‌ಗೆ ಬರೀ ಸಾವಿರದ ನಾನೂರು ರೂಪಾಯಿ ಆಜುಬಾಜು! ನಮ್ಮ ಬೆಂಬಲ ಬೆಲೆ 2025-26ರಲ್ಲಿ 2,400 ಇತ್ತಲ್ವಾ? ಆದರೆ ಇಲ್ಲಿ ಖರೀದಿ ಕೇಂದ್ರಕ್ಕೆ ಕಾಯುವ ಪ್ರಶ್ನೆಯೇ ಇಲ್ಲ. ಪೇಟೆ ಬೆಲೆ ಕೆಳಗಿಳಿದರೆ ವ್ಯತ್ಯಾಸ ಖಾತೆಗೆ ಬೀಳುತ್ತದೆ, ಕೊಯ್ಲಾಗಿ ಒಂದು ವರ್ಷದ ಮೇಲೆ, ಅಕ್ಟೋಬರ್‌ನಲ್ಲಿ. 2019ರಲ್ಲಿ ಚೀನಾ ಜೊತೆ ಸುಂಕದ ಜಗಳ ನಡೆದಾಗ ಬೇರೆಯೇ ಹಣ ಕೊಟ್ಟರು. ಕೌಂಟಿಗೊಂದು ದರ, ಎಕರೆಗೆ 15ರಿಂದ 150 ಡಾಲರ್. ಗಡಿಯ ರಸ್ತೆ ದಾಟಿದರೆ ರೇಟೇ ಬೇರೆ.

ನನಗೆ ಹಿಡಿಸಿದ್ದು ಇನ್ನೊಂದು. ಅಯೋವಾದಲ್ಲಿ ಅರ್ಧಕ್ಕಿಂತ ಜಾಸ್ತಿ ಹೊಲ ಲಾವಣಿ, ಅಂದ್ರೆ ಗೇಣಿ ಮೇಲೇ ನಡೆಯುತ್ತದೆ. ಒಡೆಯರು ಎಷ್ಟೋ ಜನ ಬೇರೆ ಊರಲ್ಲಿದ್ದಾರೆ. ರೊಕ್ಕದ ಲಾವಣಿ ಆದರೆ ಸರ್ಕಾರದ ಹಣ ಉಳುವವನಿಗೇ, ಒಡೆಯನಿಗೆ ಒಂದು ಪೈಸೆ ಇಲ್ಲ. ಒಡೆಯರೂ ಸುಮ್ನೆ ಇರಲ್ಲ ಬಿಡಿ. ಹಣ ಬರುತ್ತದೆ ಅಂತ ಗೊತ್ತಾದರೆ ಲಾವಣಿ ಏರಿಸುತ್ತಾರೆ. ನಮ್ಮ ಮಾಲೀಕರೂ ಅದನ್ನೇ ಗೊಣಗುತ್ತಾರೆ. 2025ರಲ್ಲಿ ರಾಜ್ಯದ ಸರಾಸರಿ ಲಾವಣಿ ಎಕರೆಗೆ 274 ಡಾಲರ್.

ಅಪ್ಪ, ಇದನ್ನೆಲ್ಲ ನೋಡುವಾಗ ಕಾಕಾನ ನೆನಪಾಯಿತು. ಕೆರೆ ಕೆಳಗಿನ ನಮ್ಮ ಹೊಲ ಲಾವಣಿಗೆ ಮಾಡುವವರು ಅವರು. ಪಹಣಿ ನಿಮ್ಮ ಹೆಸರಲ್ಲಿದೆ, ಹಾಗಾಗಿ ಪಿಎಂ ಕಿಸಾನ್‌ನ ವರ್ಷದ 6,000 ನಿಮಗೇ ಬರುತ್ತದೆ. ಬೀಜ, ಗೊಬ್ಬರ, ಸಾಲ ಎಲ್ಲ ಅವರದು. ಬೆಳೆ ವಿಮೆಗೆ ಲಾವಣಿಯವರೂ ಸೇರಬಹುದು, ಮುಂಗಾರಿನ ಧಾನ್ಯ, ಬೇಳೆ, ಎಣ್ಣೆಕಾಳು ಬೆಳೆಗೆ ರೈತರ ಪಾಲು ವಿಮೆ ಮೊತ್ತದ ನೂರಕ್ಕೆ ಎರಡು ಅಷ್ಟೇ. ಆದರೆ ಕರಾರು ಪತ್ರ ತೋರಿಸಬೇಕು. ನಮ್ಮದು ಬಾಯಿಮಾತಿನ ಲಾವಣಿ. ಈ ಸಲ ಬಿತ್ತನೆಗೆ ಮುಂಚೆ, ಹಾಗೆ ಬರೆದು ಕೊಡಲು ನಮ್ಮಲ್ಲಿ ಕಾನೂನು ಒಪ್ಪುತ್ತದಾ ಅಂತ ವಕೀಲರನ್ನು ಕೇಳಿ. ಹೊಲ ಹೋಗಿಬಿಡುತ್ತೆ ಅಂತ ಅವ್ವ ಹೆದರುತ್ತಾರೆ, ಗೊತ್ತು. ವಕೀಲರು ಸರಿ ಅಂದರೆ ಮಾತ್ರ ಛಾಪಾ ಕಾಗದದ ಮೇಲೆ ಒಂದು ವರ್ಷಕ್ಕೆ ಅಂತ ಬರೆಸಿ.

ಏನಾಯಿತು ಅಂತ ಭಾನುವಾರ ಫೋನಿನಲ್ಲಿ ಕೇಳುತ್ತೇನೆ.

ನಿಮ್ಮ ಮಗ