ಆದೇಶ ಬರುವ ತನಕ

ಪ್ರೀತಿಯ ಪುಟ್ಟಿಗೆ,

ಕರ್ತನ ನಾಮದಲ್ಲಿ ದೊಡ್ಡಮ್ಮನ ಆಶೀರ್ವಾದ.

ನಿನ್ನ ಅಮ್ಮ ಫೋನಿನಲ್ಲಿ ಎಲ್ಲ ಹೇಳಿದಳು. ಶಿಕ್ಷಕರ ಆಯ್ಕೆ ಪಟ್ಟಿಯಲ್ಲಿ ನಿನ್ನ ಹೆಸರು ಬಂದಾಗ ಇಡೀ ಸಭೆಯೇ ಸ್ತೋತ್ರ ಹೇಳಿತ್ತು. ಆಮೇಲೆ ಯಾರೋ ಕೋರ್ಟಿಗೆ ಹೋದರು, ನೇಮಕಾತಿ ಆದೇಶ ಅಲ್ಲೇ ನಿಂತಿತು. ಈಗ ಆರಾಧನೆ ಮುಗಿದ ಕೂಡಲೇ "ಆರ್ಡರ್ ಬಂತಾ?" ಅಂತ ಕೇಳುತ್ತಾರೆಂದು ನೀನು ಕೊನೆಯ ಗೀತೆಗೇ ಎದ್ದು ಹೊರಡುತ್ತೀಯಂತೆ. ಕೇಳುವವರಿಗೂ ಬೇರೆ ಮಾತು ಸಿಗುವುದಿಲ್ಲ ಬಿಡು.

ನನಗೆ ಬೇಜಾರಾಗಿದ್ದು ಬೇರೆ ವಿಷಯಕ್ಕೆ. ಪ್ರಾರ್ಥನಾ ಕೂಟದಲ್ಲಿ ಒಬ್ಬರು "ಮೂರು ತಿಂಗಳೊಳಗೆ ಕರ್ತನು ಬಾಗಿಲು ತೆರೆಯುತ್ತಾನೆ" ಎಂದು ಪ್ರವಾದನೆ ಹೇಳಿದರಂತೆ. ಮೂರು ತಿಂಗಳು ದಾಟಿದ ಮೇಲೆ ನೀನು ಬೈಬಲ್ ಮುಟ್ಟುವುದನ್ನೇ ಬಿಟ್ಟಿದ್ದೀಯ. ಆ ಗಡುವು ಕೊಟ್ಟದ್ದು ಅವರು, ಪುಟ್ಟೀ. ದೇವರ ಮೇಲೆ ಯಾಕೆ ಸಿಟ್ಟು?

ಬೈಬಲಿನಲ್ಲಿ ಪ್ರವಾದಿ ಯೆರೆಮೀಯನ ಪುಸ್ತಕದ 28ನೇ ಅಧ್ಯಾಯ ಓದು. ಬಾಬೆಲಿನ ಅರಸ ಯೆರೂಸಲೇಮಿನ ಜನರನ್ನೂ ದೇವಾಲಯದ ಪಾತ್ರೆಗಳನ್ನೂ ಸಾಗಿಸಿಕೊಂಡು ಹೋಗಿದ್ದ ಕಾಲ. ಹನನ್ಯ ಎಂಬ ಪ್ರವಾದಿ ಎಲ್ಲರ ಎದುರು ನಿಂತು, ಎರಡೇ ವರ್ಷದಲ್ಲಿ ಎಲ್ಲ ವಾಪಸ್ ಬರುತ್ತದೆ ಅಂದ. ಬಾಬೆಲಿಗೆ ತಲೆಬಾಗಿರಬೇಕು ಅನ್ನುವ ಗುರುತಿಗೆ ಯೆರೆಮೀಯ ಹೆಗಲ ಮೇಲೆ ಹೊತ್ತಿದ್ದ ನೊಗವನ್ನು ಕಿತ್ತು ಮುರಿದೂ ಹಾಕಿದ. ಅದಕ್ಕೂ ಮೊದಲು ಯೆರೆಮೀಯ "ಆಮೆನ್" ಅಂದಿದ್ದ, ನೋಡು. ಹಾಗಾದರೆ ಒಳ್ಳೆಯದೇ ಅಂತ ಅವನಿಗೂ ಆಸೆ ಇತ್ತು. ಆಗಲಿಲ್ಲ. ಹನನ್ಯ ಅದೇ ವರ್ಷ ತೀರಿಹೋದ.

ಮುಂದಿನ ಅಧ್ಯಾಯದಲ್ಲಿ ಯೆರೆಮೀಯ ಆ ಸೆರೆಯವರಿಗೆ ಪತ್ರ ಬರೆಯುತ್ತಾನೆ. ಅದರ 11ನೇ ವಚನ ನಿಮ್ಮ ಮನೆಯ ಕ್ಯಾಲೆಂಡರಿನಲ್ಲೂ ಇದೆ, ದೇವರ ಯೋಚನೆಗಳು ಹಿತದ ಯೋಚನೆಗಳೇ ಅನ್ನುವ ವಚನ. ಹಿಂದಿನ 10ನೇ ವಚನವನ್ನು ಮಾತ್ರ ಯಾವ ಕ್ಯಾಲೆಂಡರಿನಲ್ಲೂ ನಾನು ನೋಡಿಲ್ಲ. ಅದರಲ್ಲಿರುವುದು 70 ವರ್ಷದ ಲೆಕ್ಕ. ಪತ್ರ ಓದಿಸಿಕೊಂಡ ದೊಡ್ಡವರಲ್ಲಿ ಹೆಚ್ಚಿನವರು ಮತ್ತೆ ಊರು ನೋಡುವ ಹಾಗೇ ಇರಲಿಲ್ಲ. ಅಂಥವರಿಗೆ ಹೇಳಿದ್ದೇನು? ಮನೆ ಕಟ್ಟಿಕೊಳ್ಳಿ, ತೋಟ ಮಾಡಿ ಅದರ ಫಲ ತಿನ್ನಿ, ಮಕ್ಕಳಿಗೆ ಮದುವೆ ಮಾಡಿ, ನೀವು ಸೆರೆಯಾಗಿ ಹೋದ ಆ ಪಟ್ಟಣಕ್ಕಾಗಿಯೇ ಪ್ರಾರ್ಥಿಸಿ. ಎರಡೇ ವರ್ಷ ಅಂತ ನಂಬಿದವನು ತೋಟ ಮಾಡುತ್ತಾನಾ? ಗಂಟು ಕಟ್ಟಿಕೊಂಡು ಹೊಸ್ತಿಲ ಮೇಲೆ ಕೂತಿರುತ್ತಾನೆ. ನೀನು ಈಗ ಹಾಗೇ ಕೂತಿದ್ದೀಯ.

ನಿನಗೂ ಎಪ್ಪತ್ತು ವರ್ಷ ಅಂತ ಹೆದರಿಸುತ್ತಿಲ್ಲ. ಯಾವಾಗ ಅಂತ ನನಗೇನು ಗೊತ್ತು? ಆದೇಶ ಬರದೆಯೇ ಇರಬಹುದು, ಅದನ್ನೂ ಹೇಳಿಬಿಡುತ್ತೇನೆ. ಸಭೆಯಲ್ಲಿ ಯಾರೂ ನಿನಗೆ ಹೇಳಿರಲಿಕ್ಕಿಲ್ಲ. ಆದರೆ ಕಾಯುವ ಜಾಗದಲ್ಲಿ ದೇವರಿಲ್ಲ ಅಂದುಕೊಳ್ಳಬೇಡ. ಪ್ರವಾದಿ ಯೆಹೆಜ್ಕೇಲನಿಗೆ ದೇವರ ದರ್ಶನ ಆದದ್ದು ಬಾಬೆಲಿನಲ್ಲೇ, ಕೆಬಾರ್ ನದಿಯ ಹತ್ತಿರ, ಸೆರೆಯವರ ನಡುವೆ. ಅಲ್ಲಿ ದೇವಾಲಯ ಇರಲಿಲ್ಲ.

ಸಿಟ್ಟಿದ್ದರೆ ಆತನ ಹತ್ತಿರವೇ ಹೇಳು. 13ನೇ ಕೀರ್ತನೆಯಲ್ಲಿ ದಾವೀದ "ಎಷ್ಟರ ವರೆಗೆ" ಅಂತ ಮತ್ತೆ ಮತ್ತೆ ಕೇಳುತ್ತಾನೆ, ನೀನು ನನ್ನನ್ನು ಮರೆತೇಬಿಟ್ಟೆಯಾ ಅನ್ನುವ ಧಾಟಿಯಲ್ಲಿ. ಅಂಥ ಪ್ರಾರ್ಥನೆಯೂ ಬೈಬಲಿನಲ್ಲಿದೆ. ಸುಮ್ನೆ ಬಾಯಿ ಮುಚ್ಚಿಕೊಂಡಿರುವುದಕ್ಕಿಂತ ಅದು ಎಷ್ಟೋ ಮೇಲು.

ಇನ್ನು ಆ ದುಡ್ಡು ಕೇಳಿದವನ ವಿಷಯ. ಫೈಲು ಸರಿಸಿ ಕೊಡುತ್ತೇನೆ ಅಂದನಂತೆ, ನಿನ್ನಪ್ಪ ಅಮ್ಮನ ಬಳೆ ಅಡ ಇಡಲು ನೋಡುತ್ತಿದ್ದಾರಂತೆ. ಬೇಡವೇ ಬೇಡ. ಕೋರ್ಟಿನಲ್ಲಿರುವುದನ್ನು ಅವನು ಹೇಗೆ ಸರಿಸುತ್ತಾನೆ? ಅಬ್ರಹಾಮನ ಹೆಂಡತಿ ಸಾರಳೂ ದೇವರು ಮಾತುಕೊಟ್ಟ ಮಗುವಿಗಾಗಿ ಕಾದು ಕಾದು ಸಾಕಾಗಿ ತನ್ನ ದಾಸಿ ಹಾಗರಳನ್ನು ಗಂಡನಿಗೆ ಕೊಟ್ಟಳು. ಕೊನೆಗೆ ಅಡವಿಯಲ್ಲಿ ನೀರಿಲ್ಲದೆ ಅತ್ತದ್ದು ಹಾಗರಳು, ಅವಳ ಮಗ. ಅಡ್ಡದಾರಿಯ ಬೆಲೆಯನ್ನು ಹೆಚ್ಚಾಗಿ ಬೇರೆಯವರೇ ಕಟ್ಟುತ್ತಾರೆ. ನಿಮ್ಮ ಮನೆಯಲ್ಲಿ ಅದು ನಿನ್ನ ತಂಗಿಯ ಓದಿಗೆ ಬರುತ್ತದೆ, ಅಪ್ಪನಿಗೆ ಹೇಳು.

ನಿಮ್ಮ ಬೀದಿಯ ಖಾಸಗಿ ಶಾಲೆಯವರು ಗಣಿತಕ್ಕೆ ಕರೆದರೆ "ಇವತ್ತೋ ನಾಳೆಯೋ ಆದೇಶ ಬರುತ್ತೆ" ಅಂತ ಹೋಗಲಿಲ್ಲವಂತೆ. ಸೋಮವಾರವೇ ಹೋಗು. ಆದೇಶ ಬಂದರೆ ಬಿಡಬೇಕಾಗುತ್ತದೆ ಅಂತ ಮೊದಲೇ ಹೇಳಿ ಸೇರು, ಮುಚ್ಚಿಡಬೇಡ. ಸಂಬಳ ಕಡಿಮೆಯೇ ಇರುತ್ತದೆ. ಆದರೆ ಆರನೇ ತರಗತಿಯ ಮಕ್ಕಳಿಗೆ ಭಿನ್ನರಾಶಿ ಅಂದರೆ ಹೆದರಿಕೆ, ನೀನು ಅದನ್ನು ಎಷ್ಟು ಚೆನ್ನಾಗಿ ಹೇಳಿಕೊಡುತ್ತೀಯ ಅಲ್ವಾ? ಯಾವ ತರಗತಿ ಕೊಟ್ಟರು ಅಂತ ಬರೆ.

ನಿನ್ನ
ದೊಡ್ಡಮ್ಮ