ಪುಟ್ಟಿಯ ಡ್ಯಾನ್ಸ್ ವಿಷಯ

ಎಸೆನ್, ಜರ್ಮನಿ

ಪ್ರೀತಿಯ ಅಣ್ಣಾ,

ನಿನ್ನ ವಾಯ್ಸ್ ಮೆಸೇಜ್ ಕೇಳಿದೆ. ಪಿಯುಸಿ ಮುಗಿದ ಮೇಲೆ ಡ್ಯಾನ್ಸನ್ನೇ ಕಲಿಯುತ್ತೇನೆ ಅಂತ ಪುಟ್ಟಿ ಹಟ ಹಿಡಿದಿದ್ದಾಳೆ, ಅವಳ ತಲೆ ಕೆಡಿಸಿದ್ದು ನಾನು ಅಂತ ಹೇಳಿದ್ದೀಯ. ಇರಬಹುದು. ಫೋನಿನಲ್ಲಿ ಈ ವಿಷಯ ತೆಗೆದರೆ ಇಬ್ಬರೂ ಕೂಗಾಡುತ್ತೇವೆ. ಅದಕ್ಕೆ ಬರೆಯುತ್ತಿದ್ದೇನೆ. ಅತ್ತಿಗೆಗೂ ಓದಲು ಕೊಡು.

"ನಿನ್ನ ತಂಗಿಗೆ ಅಲ್ಲಿ ಏನು ಕೆಲಸ ಅಂತ ಕೇಳಿದವರಿಗೆ ಏನು ಹೇಳಲಿ?" ಅಂತ ಕೇಳಿದ್ದೀಯಲ್ಲ. ಕೊರಿಯೋಗ್ರಾಫರ್, ಅಂದರೆ ಡ್ಯಾನ್ಸ್ ಕಟ್ಟುವವಳು ಅಂತ ಹೇಳು. ಸಿನಿಮಾದವರಾ ಅಂತ ಕೇಳಿದರೆ ಅಲ್ಲ ಅನ್ನು. ನಾನು ಈಗ ಸ್ಟೇಜಿಗೆ ಹತ್ತುವುದೇ ಕಡಿಮೆ. ಒಂದು ವಿಷಯ ಹಿಡಿಯುತ್ತೇನೆ. ಅದಕ್ಕೆ ಬೇಕಾದವರನ್ನು ಸೇರಿಸುತ್ತೇನೆ. ಎಲ್ಲರೂ ಡ್ಯಾನ್ಸರುಗಳೇ ಆಗಬೇಕಂತಿಲ್ಲ.

ಈಗ ಮಾಡುತ್ತಿರುವುದು ಬೀಡಿ ಕಟ್ಟುವ ಕೈಗಳ ಬಗ್ಗೆ. ನಗಬೇಡ ಮಾರಾಯ. ಗುಂಪಿನಲ್ಲಿ ನಾಲ್ಕು ಡ್ಯಾನ್ಸರುಗಳಿದ್ದಾರೆ. ಜೊತೆಗೆ ಒಬ್ಬ ಸೌಂಡಿನವನು, ಕಂಪ್ಯೂಟರ್ ಪ್ರೋಗ್ರಾಂ ಬರೆಯುವ ಒಬ್ಬ ಹುಡುಗಿ, ಕೈಬೆರಳಿನ ನೋವಿಗೆ ಚಿಕಿತ್ಸೆ ಕೊಡುವ ಒಬ್ಬ ಫಿಸಿಯೋಥೆರಪಿಸ್ಟ್. ಎಲೆ ಕತ್ತರಿಸುವ ಸದ್ದನ್ನು ಸೌಂಡಿನವನು ಸಣ್ಣ ಮೈಕಿನಲ್ಲಿ ಹಿಡಿದು ದೊಡ್ಡದು ಮಾಡುತ್ತಾನೆ. ಡ್ಯಾನ್ಸರುಗಳ ಮಣಿಕಟ್ಟಿಗೆ ಕಟ್ಟಿದ ಸೆನ್ಸರ್ ಅಲುಗಿದ ಹಾಗೆ ಆ ಸದ್ದಿನ ವೇಗ ಬದಲಾಗುತ್ತದೆ. ಆ ಭಾಗ ಹುಡುಗಿಯದ್ದು. ಒಂದೇ ಚಲನೆಯನ್ನು ವರ್ಷಗಟ್ಟಲೆ ಮಾಡಿದರೆ ಹೆಬ್ಬೆರಳ ಬುಡಕ್ಕೆ, ಕುತ್ತಿಗೆಗೆ ಏನಾಗುತ್ತದೆ ಅಂತ ಫಿಸಿಯೋ ತೋರಿಸಿಕೊಡುತ್ತಾರೆ. ಅವರು ತೋರಿಸುವುದರಿಂದಲೇ ಅರ್ಧ ಡ್ಯಾನ್ಸ್ ಹುಟ್ಟಿತು.

ಕಷ್ಟ ಎಲ್ಲಿ ಬಂತು ಗೊತ್ತಾ? ಡ್ಯಾನ್ಸರುಗಳು ಕೈಗಳನ್ನು ತುಂಬ ಚಂದ ಮಾಡಿದರು. ಬೆರಳು ಅರಳಿಸುವುದು, ಮಣಿಕಟ್ಟು ತಿರುಗಿಸುವುದು. ಅಮ್ಮ ಹಾಗೆ ಮಾಡುತ್ತಾರಾ? ಅಮ್ಮನ ಮೊಣಕೈ ಪಕ್ಕೆಗೆ ಅಂಟಿಕೊಂಡಿರುತ್ತದೆ. ತೊಡೆ ಮೇಲೆ ಮೊರ, ಕಣ್ಣು ಧಾರಾವಾಹಿಯಲ್ಲಿ. ಬೆರಳುಗಳು ತಮ್ಮಷ್ಟಕ್ಕೆ ಹೊಗೆಸೊಪ್ಪು ತುಂಬಿ, ಸುರುಳಿ ಸುತ್ತಿ, ನೂಲು ಹಾಕುತ್ತವೆ. ಯಾರಿಗೂ ತೋರಿಸುವ ಕೈ ಅಲ್ಲ ಅದು. ಈ ತೋರಿಸದಿರುವುದನ್ನು ಸ್ಟೇಜಿನಲ್ಲಿ ತೋರಿಸಬೇಕಲ್ಲ, ನನ್ನ ಕೆಲಸ ಇರುವುದೇ ಅಲ್ಲಿ. ಇನ್ನೂ ಪೂರ್ತಿ ಕೈಗೆ ಬಂದಿಲ್ಲ.

ನಾವು ರಿಹರ್ಸಲ್ ಮಾಡುವ ಜಾಗ ನೋಡಿದರೆ ನಿನಗೆ ಇಷ್ಟವಾದೀತು. ಝೋಲ್‌ಫೆರೈನ್ ಅಂತ ಇಲ್ಲಿ ದೊಡ್ಡ ಕಲ್ಲಿದ್ದಲು ಗಣಿ ಇತ್ತು. 1986ರಲ್ಲಿ ಮುಚ್ಚಿತು, 2001ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಗಣಿಯಿಂದ ಮೇಲೆ ಬಂದವರು ಮೈ ತೊಳೆಯುತ್ತಿದ್ದ ಕಟ್ಟಡವೇ ಈಗ ಡ್ಯಾನ್ಸಿನ ಕೇಂದ್ರ. ಗೋಡೆಗೆ ಅದೇ ಹಳೆಯ ಟೈಲ್ಸ್. ಪಕ್ಕದ ಊರು ವುಪ್ಪರ್ಟಾಲ್. ಅಲ್ಲಿ ಪೀನಾ ಬೌಷ್ ಅನ್ನುವ ಕೊರಿಯೋಗ್ರಾಫರ್ 1973ರಿಂದ 2009ರಲ್ಲಿ ಸಾಯುವವರೆಗೆ ಕೆಲಸ ಮಾಡಿದರು. ಹೆಜ್ಜೆ ಹೇಳಿಕೊಡುವ ಬದಲು ಡ್ಯಾನ್ಸರುಗಳಿಗೆ ಪ್ರಶ್ನೆ ಕೇಳುತ್ತಿದ್ದರು. ಉತ್ತರ ಮಾತಿನಲ್ಲಿ ಬಂದರೂ ಸರಿ, ಮೈಯಲ್ಲಿ ಬಂದರೂ ಸರಿ. 1975ರ ಒಂದು ಪ್ರಯೋಗಕ್ಕೆ ಸ್ಟೇಜ್ ತುಂಬ ಮಣ್ಣು ಹಾಕಿಸಿದ್ದರು. ಶುರುವಿನ ವರ್ಷಗಳಲ್ಲಿ ಜನ ನಡುವೆಯೇ ಎದ್ದು ಹೋಗುತ್ತಿದ್ದರು.

ಇದೆಲ್ಲ ಬಿಳಿಯರ ಹುಚ್ಚು ಅಂತ ನೀನು ಹೇಳುತ್ತೀಯ, ನನಗೆ ಗೊತ್ತು. ನಮ್ಮ ಕೋಟದ ಶಿವರಾಮ ಕಾರಂತರು ಏನು ಮಾಡಿದರು? ಯಕ್ಷಗಾನದ ಆಟದಿಂದ ಮಾತು ತೆಗೆದರು, ಪಿಟೀಲು, ಸ್ಯಾಕ್ಸೋಫೋನ್ ಸೇರಿಸಿದರು, ರಾತ್ರಿಯಿಡೀ ನಡೆಯುವ ಪ್ರಸಂಗವನ್ನು ಕೆಲವು ಗಂಟೆಗೆ ಇಳಿಸಿದರು. ಬೈದವರು ಕಡಿಮೆಯಾ? ಚೆನ್ನೈಯ ಕೊರಿಯೋಗ್ರಾಫರ್ ಚಂದ್ರಲೇಖಾ 1985ರಲ್ಲೇ ಭರತನಾಟ್ಯದ ಪಕ್ಕ ಕೇರಳದ ಸಮರಕಲೆ ಕಳರಿಪಯಟ್ಟು, ಯೋಗ ತಂದು ನಿಲ್ಲಿಸಿದರು.

ಈಗ ದುಡ್ಡಿನ ಮಾತು. ತಿಂಗಳ ಸಂಬಳ ಇಲ್ಲ. ಒಂದು ಪ್ರಾಜೆಕ್ಟಿಗೆ ಸರಕಾರದಿಂದಲೋ ಫೌಂಡೇಷನ್ನಿನಿಂದಲೋ ಹಣ ಬೇಕಾದರೆ ತುಂಬ ಮೊದಲೇ ಅರ್ಜಿ ಹಾಕಬೇಕು. ಬಜೆಟ್ ಬರೆಯಬೇಕು. ಡ್ಯಾನ್ಸರಿನ ಸಂಬಳ, ಹಾಲ್ ಬಾಡಿಗೆ, ಲೈಟು, ರೈಲು ಟಿಕೆಟು, ಎಲ್ಲ. ಹೆಚ್ಚಿನ ಅರ್ಜಿ ವಾಪಸ್ ಬರುತ್ತವೆ. ಬಂದ ಹಣದಲ್ಲಿ ಕೆಲಸ ಕಟ್ಟಿ, ಮೂರೋ ನಾಲ್ಕೋ ಪ್ರದರ್ಶನ ಆದ ಮೇಲೆ ಬೇರೆ ಊರಿನವರು ಕರೆದರೆ ಉಂಟು, ಇಲ್ಲದಿದ್ದರೆ ಇಲ್ಲ. ಯಕ್ಷಗಾನ ಮೇಳದವರಿಗೆ ಮೇ ತಿಂಗಳ ಕೊನೆಗೆ ಬರುವ ಪತ್ತನಾಜೆಯವರೆಗೆ ತಿರುಗಾಟ ಇಂತಿಷ್ಟು ಅಂತ ಗ್ಯಾರಂಟಿ ಇರುತ್ತದೆ, ನಮಗೆ ಅದೂ ಇಲ್ಲ. ಮಧ್ಯೆ ಮಕ್ಕಳಿಗೆ ಕ್ಲಾಸ್ ಮಾಡಿ ಬಾಡಿಗೆ ಕಟ್ಟುತ್ತೇನೆ. ಒಂದು ಒಳ್ಳೆಯದು ಅಂದರೆ ಇಲ್ಲಿ ಕಲಾವಿದರಿಗೆಂದೇ ಒಂದು ವಿಮೆ ವ್ಯವಸ್ಥೆ ಇದೆ, 1983ರಿಂದ. ಆಸ್ಪತ್ರೆ, ಪಿಂಚಣಿಯ ಕಂತಿನಲ್ಲಿ ಅರ್ಧ ನಾನು ಕಟ್ಟುತ್ತೇನೆ. ಉಳಿದರ್ಧ ಕಲಾವಿದರ ಕೆಲಸ ಬಳಸುವ ಕಂಪನಿಗಳದ್ದು ಮತ್ತು ಸರಕಾರದ್ದು. ನಮ್ಮಲ್ಲಿ ಇಂಥದ್ದೊಂದು ಇದ್ದಿದ್ದರೆ ಎಷ್ಟು ವೇಷಧಾರಿಗಳು ಬದುಕಿಕೊಳ್ಳುತ್ತಿದ್ದರು ಅಲ್ವಾ?

ಹಾಗಾದರೆ ಪುಟ್ಟಿಯನ್ನು ಏನು ಮಾಡುವುದು? ತಡೆಯಬೇಡ. ಆದರೆ ಈಗಲೇ ಇಲ್ಲಿಗೆ ಕಳಿಸಲೂ ಬೇಡ. ಸ್ಟೂಡೆಂಟ್ ವೀಸಾಕ್ಕೆ ಮಾತ್ರ ವರ್ಷದ ಖರ್ಚು ಅಂತ 11,904 ಯೂರೋ ಬ್ಯಾಂಕಿನಲ್ಲಿ ತೋರಿಸಬೇಕು. ಅಷ್ಟು ಸಾಲ ಮಾಡಿ ಈ ಕಸುಬಿಗೆ ಇಳಿಯುವುದು ನನಗೆ ಸರಿ ಕಾಣುವುದಿಲ್ಲ. ಮೊದಲು ಒಂದು ಡಿಗ್ರಿ ಮಾಡಲಿ, ಯಾವುದಾದರೂ ಆಗಬಹುದು. ಫಿಸಿಯೋಥೆರಪಿಯೋ ಕಂಪ್ಯೂಟರೋ ಆದರೆ ಈ ಕೆಲಸಕ್ಕೇ ಬರುತ್ತದೆ, ಸುಮ್ನೆ ಹೇಳುತ್ತಿಲ್ಲ. ರಜೆಯಲ್ಲಿ ಬೆಂಗಳೂರಿನ ಅಟ್ಟಕ್ಕಲರಿ ಡ್ಯಾನ್ಸ್ ಕೇಂದ್ರದಂಥ ಕಡೆ ವರ್ಕ್‌ಶಾಪ್ ಇದೆಯಾ ಅಂತ ವಿಚಾರಿಸು. ಮತ್ತೆ, ಯಕ್ಷಗಾನದ ಕ್ಲಾಸ್ ಬಿಡಿಸಬೇಡ. ಅಲ್ಲಿ ಕಲಿತ ತಾಳ ನನಗೆ ಇಲ್ಲಿ ಕೊಟ್ಟಷ್ಟು ಅನ್ನ ಬೇರೇನೂ ಕೊಟ್ಟಿಲ್ಲ.

ಅವಳು ಏನು ಮಾಡಬೇಕು ಅಂತಿದ್ದಾಳೆ ಅಂತ ಒಂದು ಪುಟ ಬರೆದು ನನಗೆ ಕಳಿಸಲಿ. ಅರ್ಜಿ ಬರೆಯುವುದು ಈಗಿಂದಲೇ ಅಭ್ಯಾಸವಾಗಲಿ.

ನಿನ್ನಿಂದ ಒಂದು ಉಪಕಾರ ಬೇಕು. ಅಮ್ಮ ಬೀಡಿ ಕಟ್ಟುವ ವಿಡಿಯೋ ಕಳಿಸು. ಜಗಲಿಯಲ್ಲಿ ಬೆಳಕಿರುವಾಗ ತೆಗೆ, ಫೋನ್ ಅಡ್ಡ ಹಿಡಿ. ಮುಖ ಬೇಡ, ಕೈ ಮತ್ತು ಭುಜ ಸಾಕು. ಹೊಸ ಸೀರೆ ಉಟ್ಟು ಬರುತ್ತೇನೆ ಅಂತ ಹೇಳಿಯಾರು, ಬಿಡಬೇಡ. ಬೀಡಿ ಬ್ರಾಂಚಿಗೆ ಲೆಕ್ಕ ಕೊಡಬೇಕಾದ ದಿನ ಅವಸರದಲ್ಲಿ ಕಟ್ಟುತ್ತಾರಲ್ಲ, ಅದೂ ಒಂದು ಬೇಕು. ಆಮೇಲೆ ಹಿಂದೆ ಹಾಡು ಹಾಕಿ ಕಳಿಸಬೇಡ, ನನಗೆ ಆ ಸದ್ದೇ ಬೇಕಾದ್ದು.

ಅಮ್ಮನಿಗೂ ಅತ್ತಿಗೆಗೂ ನಮಸ್ಕಾರ.

ನಿನ್ನ ತಂಗಿ