ದೋಣಿ ತರಿಸುವವರು ತೊಟ್ಟಿಲನ್ನೂ ಬರೆಯಲಿ

ಮಾನ್ಯ ಸಂಪಾದಕರೇ,

2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು, ಅಂದರೆ ಬೆಂಗಳೂರಿನಲ್ಲಿ ಶುದ್ಧೀಕರಿಸಿದ ಕೊಳಚೆ ನೀರು, ನಮ್ಮ ಲಕ್ಷ್ಮೀಸಾಗರ ಕೆರೆಗೆ ಬಂತು. 2021ರ ನವೆಂಬರ್ ಮಳೆಗೆ ಕೆರೆಗಳು ಒಂದರ ಹಿಂದೊಂದು ಕೋಡಿ ಹರಿದವು. ಅಂದಿನಿಂದ ಕೋಲಾರ ಜಿಲ್ಲೆಗೆ ದೋಣಿ ಬೇಕಾಗಿದೆ. ಮೀನು ಪಾಶುವಾರು, ಅಂದರೆ ಕೆರೆಯಲ್ಲಿ ಮೀನು ಹಿಡಿಯುವ ಗುತ್ತಿಗೆ, ಪಡೆದವರಿಗೆ, ನೀರಿಗೆ ಬಿದ್ದವರನ್ನು ಹುಡುಕುವವರಿಗೆ, ವಿಹಾರ ನಡೆಸಬೇಕೆನ್ನುವ ಪಂಚಾಯಿತಿಗಳಿಗೆ, ಎಲ್ಲರಿಗೂ ಬೇಕು. ಆದರೆ ಮೋಟಾರು ದೋಣಿಗಳು ಬರುವುದು ಮಂಗಳೂರು, ಗೋವಾ, ಕೊಚ್ಚಿ, ಚೆನ್ನೈ ಕಡೆಯಿಂದ, ಲಾರಿಯ ಮೇಲೆ. ಖರೀದಿ ಆದೇಶದಲ್ಲಿ ಉದ್ದ ಎಷ್ಟು, ಎಂಜಿನ್ ಎಷ್ಟು ಎಚ್‌ಪಿ, ಲೈಫ್ ಜಾಕೆಟ್ ಎಷ್ಟು ಎಂದೆಲ್ಲ ಬರೆದಿರುತ್ತಾರೆ. ಸಾಗಣೆಗೆ ಮಾತ್ರ ಒಂದೇ ಸಾಲು: ‘ಸ್ಥಳಕ್ಕೆ ತಲುಪಿಸುವುದು’. ಆ ಸಾಲನ್ನು ಒಂದು ಪುಟ ಮಾಡಿ ಎಂಬುದೇ ಈ ಪತ್ರದ ಕೋರಿಕೆ. ಹೊಸ ದೋಣಿಯ ಆಯುಷ್ಯದಲ್ಲಿ ಅತಿ ಹೆಚ್ಚು ಪೆಟ್ಟು ಬೀಳುವುದು ಆ ನೂರಾರು ಕಿಲೋಮೀಟರ್ ರಸ್ತೆಯಲ್ಲೇ.

ದೋಣಿಯನ್ನು ಮಾಡಿರುವುದು ನೀರಿನ ಮೇಲೆ ಕೂರಲು. ನೀರು ಅದರ ತಳವನ್ನು ಎಲ್ಲ ಕಡೆಯೂ ಸಮನಾಗಿ ಹೊರುತ್ತದೆ. ಲಾರಿಯಲ್ಲಿ ಅದೇ ಭಾರ ನಾಲ್ಕೈದು ಕಡೆ ಮಾತ್ರ ಕೂರುತ್ತದೆ. ಆ ನಾಲ್ಕೈದು ಕಡೆ ಯಾವುವು ಎಂದು ನಿರ್ಧರಿಸಬೇಕಾದದ್ದು ದೋಣಿ ಮಾಡಿದವರು. ನಮ್ಮಲ್ಲಿ ಅದನ್ನು ನಿರ್ಧರಿಸುತ್ತಿರುವುದು ಲೋಡಿಂಗ್ ಮಾಡುವವರು, ಅದೂ ಕೈಗೆ ಸಿಕ್ಕ ಹಳೆ ಟೈರಿನಿಂದ. ಟೈರಿನ ಮೇಲೆ ಕೂತ ದೋಣಿ ಪ್ರತಿ ಹಂಪ್‌ಗೂ ಪುಟಿದು, ಬಿದ್ದಾಗ ಅದೇ ಜಾಗದಲ್ಲಿ ಪೆಟ್ಟು ತಿನ್ನುತ್ತದೆ. ಹುಲ್ಲಿನ ಪಿಂಡಿಯಾದರೆ ಐವತ್ತು ಕಿಲೋಮೀಟರಿನಲ್ಲಿ ಚಪ್ಪಟೆಯಾಗಿ ಕಟ್ಟಿದ ಹಗ್ಗವೆಲ್ಲ ಸಡಿಲ. ಇಳಿಸಿದಾಗ ಫೈಬರಿನ ಹೊರಲೇಪ ಜೆಲ್‌ಕೋಟ್ ಮೇಲೆ ಜೇಡರ ಬಲೆಯ ಹಾಗೆ ಗೆರೆಗಳು ಕಾಣುತ್ತವೆ. ಬಣ್ಣದ ದೋಷವೆಂದು ಅದನ್ನು ಕಡೆಗಣಿಸಬಾರದು. ಒಳಗಿನ ಪದರಕ್ಕೆ ನೀರು ಇಳಿಯುವ ದಾರಿ ಅದು.

ಇದಕ್ಕಿಂತ ದೊಡ್ಡ ತಪ್ಪು ಲಾರಿಯ ಅಳತೆಯಲ್ಲಿ ಆಗುತ್ತದೆ. 16 ಅಡಿ ದೋಣಿಯನ್ನು ಬಾಡಿಗೆ ಕಡಿಮೆಯೆಂದು 14 ಅಡಿ ಲಾರಿಗೆ ಏರಿಸುತ್ತಾರೆ. ಹಿಂದಿನ ಎರಡು ಅಡಿ ಗಾಳಿಯಲ್ಲಿ ತೂಗುತ್ತದೆ. ಆ ಎರಡು ಅಡಿಯ ತುದಿಯಲ್ಲೇ ಟ್ರಾನ್ಸಂ, ಅಂದರೆ ಎಂಜಿನ್ ಕಚ್ಚುವ ಹಿಂಬದಿ ಹಲಗೆ ಇರುವುದು. 40 ಎಚ್‌ಪಿ ಫೋರ್ ಸ್ಟ್ರೋಕ್ ಎಂಜಿನ್ ನೂರು ಕೆ.ಜಿ.ಯ ಹತ್ತಿರ ತೂಗುತ್ತದೆ. ಅಷ್ಟು ಭಾರ ಶಿರಾಡಿ ಘಾಟಿಯ ತಿರುವು, ಹಾಸನದ ಹಂಪ್ ಎಲ್ಲವನ್ನೂ ಜೋತಾಡಿಕೊಂಡೇ ದಾಟಿ ಬಂದರೆ ದೋಣಿಯ ತಳ ಹಿಂಭಾಗದಲ್ಲಿ ಒಳಕ್ಕೆ ಬಾಗುತ್ತದೆ. ಕೆಲಸದವರು ಇದಕ್ಕೆ ‘ಹುಕ್’ ಬಿದ್ದಿದೆ ಎನ್ನುತ್ತಾರೆ. ಕಣ್ಣಿಗೆ ಕಾಣುವುದಿಲ್ಲ. ನೀರಿಗಿಳಿಸಿದ ಮೇಲೆ ದೋಣಿ ವೇಗ ಹಿಡಿಯದೆ ಮೂತಿ ಕೆಳಗೆ ಮಾಡಿ ನೀರನ್ನು ಉಳುತ್ತದೆ. ಆಗ ಎಲ್ಲರೂ ಎಂಜಿನ್ನನ್ನು ದೂರುತ್ತಾರೆ. 16 ಅಡಿಗೆ 19 ಅಡಿ ಲಾರಿಯೇ ಆಗಬೇಕು. 17 ಅಡಿಯದು ಸಾಲುವುದು ಎಂಜಿನ್ ಕಳಚಿದ್ದರೆ ಮಾತ್ರ. ಬಾಡಿಯ ಒಳ ಅಗಲವನ್ನೂ ಟೇಪ್ ಹಿಡಿದು ನೋಡಬೇಕು. ಅಗಲ ಸಾಲದೆ ದೋಣಿಯನ್ನು ಪಕ್ಕದ ಹಲಗೆಗಳ ಮೇಲೆ ಕೂರಿಸಿದರೆ ಅಂಚೇ ಎಲ್ಲ ಭಾರ ಹೊತ್ತು ಸೀಳುತ್ತದೆ.

ಇನ್ನು ತೊಟ್ಟಿಲು. ದೋಣಿಯ ಕೆಳಗೆ ಇಡುವ ಮರದ ಚೌಕಟ್ಟಿಗೆ ಈ ಹೆಸರು ಸರಿಯಾಗಿಯೇ ಒಪ್ಪುತ್ತದೆ. 16 ಅಡಿ ಫೈಬರ್ ದೋಣಿಗೆ 4x4 ಇಂಚಿನ ಎರಡು ಉದ್ದ ತೊಲೆ, ಅವುಗಳ ಮೇಲೆ ಮೂರು ಅಡ್ಡ ತೊಲೆ. ಒಂದು ಅಡ್ಡ ತೊಲೆ ಟ್ರಾನ್ಸಂನ ನೇರ ಕೆಳಗೇ ಇರಬೇಕು, ಅರ್ಧ ಅಡಿ ಮುಂದೆಯೂ ಅಲ್ಲ. ಇನ್ನೊಂದು ನಡುವೆ, ಮತ್ತೊಂದು ಮೂತಿಯಿಂದ ಕಾಲು ಭಾಗದಲ್ಲಿ. ಕೀಲ್, ಅಂದರೆ ತಳದ ನಡು ಏಣು, ಹಲಗೆಯೊಂದರ ಮೇಲೆ ಉದ್ದಕ್ಕೂ ಕೂತು ಭಾರ ಹೊರಬೇಕು. ಎರಡು ಪಕ್ಕದಲ್ಲಿ 2x6 ಇಂಚಿನ ಪಟ್ಟಿಗಳು ನಿಂತಿರಬೇಕು. ಅವುಗಳ ಕೆಲಸ ದೋಣಿ ಹೊರಳದಂತೆ ತಡೆಯುವುದಷ್ಟೇ. ಅವು ದೋಣಿಯ ಒಳಗಿನ ಉದ್ದ ಬಲಪಟ್ಟಿಗಳ ನೇರಕ್ಕೇ ಬರಬೇಕು. ಬಲಪಟ್ಟಿಯಿಲ್ಲದೆ ಬರೀ ಫೈಬರ್ ಪದರವಿರುವ ಜಾಗಕ್ಕೆ ಒತ್ತಿದರೆ ತಳ ಒಳಕ್ಕೆ ಹೋಗುತ್ತದೆ. ತಾಗುವ ಕಡೆಯೆಲ್ಲ 10–12 ಮಿ.ಮೀ. ರಬ್ಬರ್. ಮೊಳೆ ಬೇಡ, ತಲೆ ಒಳಗೆ ಇಳಿಸಿದ ಬೋಲ್ಟ್ ಬಳಸಿ. ನಮ್ಮ ಕಡೆ ಮರವೆಂದರೆ ಮೊದಲು ಸಿಗುವುದು ನೀಲಗಿರಿ. ಹಸಿ ನೀಲಗಿರಿ ಒಣಗುತ್ತಾ ಸೀಳಿ ತಿರುಚಿಕೊಳ್ಳುತ್ತದೆ, ಮೊಳೆ ತಾನಾಗಿ ಸಡಿಲವಾಗುತ್ತದೆ. ಆದ್ದರಿಂದ ಚೆನ್ನಾಗಿ ಒಣಗಿದ ಮರವನ್ನೇ ಕೇಳಿ ಪಡೆಯಬೇಕು. ತೊಟ್ಟಿಲು ದೋಣಿಯ ಜೊತೆಗೇ ಉಳಿಯಬೇಕೆಂದೂ ಆದೇಶದಲ್ಲಿ ಬರೆಯಿರಿ. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ದೋಣಿ ನೆಲದ ಮೇಲೆ ತಿಂಗಳುಗಟ್ಟಲೆ ಕೂರುವುದೂ ಅದರ ಮೇಲೆಯೇ.

ಕಟ್ಟುವುದಕ್ಕೆ ನೈಲಾನ್ ಹಗ್ಗ ಸಲ್ಲ. ಒದ್ದೆಯಾದರೆ ಅದು ಎಳೆದುಕೊಳ್ಳುತ್ತದೆ. 50 ಮಿ.ಮೀ. ಪಾಲಿಯೆಸ್ಟರ್ ರ‍್ಯಾಚೆಟ್ ಬೆಲ್ಟ್ ಸಾಕು. ಮೂತಿಯ ಕೊಂಡಿಯಿಂದ ಮುಂದಕ್ಕೂ ಕೆಳಕ್ಕೂ ಒಂದು, ಹಿಂದಿನ ಎರಡು ಕೊಂಡಿಗಳಿಂದ ಅಡ್ಡಡ್ಡವಾಗಿ ಎರಡು, ದೋಣಿಯ ಮೇಲಿಂದ ಒಂದು ಅಥವಾ ಎರಡು. ಮೇಲಿನದು ಒಳಗೆ ಅಡ್ಡ ಸೀಟು ಇರುವ ಜಾಗದ ಮೇಲೇ ಹಾಯಬೇಕು. ಇಲ್ಲದಿದ್ದರೆ ಬಿಗಿದಂತೆಲ್ಲ ಅಂಚು ಒಳಕ್ಕೆ ಬಾಗುತ್ತದೆ. ಚಪ್ಪಟೆ ಬೆಲ್ಟ್ ಗಾಳಿಗೆ ಗುಂಯ್‌ಗುಟ್ಟಿ ಸಡಿಲಾಗುತ್ತದೆ, ಒಂದು ಸುತ್ತು ತಿರುಚಿ ಕಟ್ಟಿದರೆ ಆ ಕಂಪನ ನಿಲ್ಲುತ್ತದೆ. ಮೊದಲ 30 ಕಿಲೋಮೀಟರಿಗೆ ನಿಲ್ಲಿಸಿ ಬಿಗಿ ನೋಡಬೇಕು, ಆಮೇಲೆ ಘಾಟಿ ಹತ್ತುವ ಮೊದಲು ಮತ್ತು ಹತ್ತಿದ ಮೇಲೆ. ಟಾರ್ಪಾಲು ಹೊದಿಸಿದರೆ ಬಿಗಿಯಾಗಿ ಹೊದಿಸಿ, ಪಟಪಟ ಬಡಿಯುವ ಟಾರ್ಪಾಲು ಉಪ್ಪುಕಾಗದದ ಹಾಗೆ ಹೊಳಪನ್ನು ಉಜ್ಜಿ ತೆಗೆಯುತ್ತದೆ.

ದೋಣಿಯ ಹಿಂಬದಿ ತಳದಲ್ಲಿರುವ ಬಸಿ ಬಿರಡೆಯನ್ನು ಸಾಗಣೆಯಲ್ಲಿ ಬಿಚ್ಚಿಯೇ ಇಡಬೇಕು. ಒಳನೆಲ ಮೂರು ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲವಿದ್ದು ಮಳೆನೀರು ಹತ್ತು ಸೆಂ.ಮೀ. ನಿಂತರೆ ಅದು 450 ಕೆ.ಜಿ. ಅಂದರೆ ಹೆಚ್ಚುಕಡಿಮೆ ದೋಣಿಯದೇ ತೂಕ. ಮಳೆಗಾಲದ ಸಕಲೇಶಪುರದಲ್ಲಿ ಒಂದು ರಾತ್ರಿ ಲಾರಿ ನಿಂತರೆ ಇಷ್ಟು ನೀರು ತುಂಬಲು ಹೆಚ್ಚು ಹೊತ್ತು ಬೇಡ.

ಎಂಜಿನ್ ವಿಷಯಕ್ಕೆ ಹೆಚ್ಚು ಗಮನ ಬೇಕು, ಹಣದ ದೊಡ್ಡ ಪಾಲು ಅದರದ್ದೇ. ಅದನ್ನು ಕಳಚಿ, ಅದರದೇ ಮರದ ಸ್ಟ್ಯಾಂಡಿಗೆ ನೆಟ್ಟಗೆ ಬಿಗಿದು ತರುವುದು ಒಳ್ಳೆಯದು. ಮಲಗಿಸಲೇಬೇಕಾದರೆ ಮೊದಲು ಕೆಲವು ನಿಮಿಷ ನೆಟ್ಟಗೆ ನಿಲ್ಲಿಸಿ ಎಂಜಿನ್ ತಂಪು ಮಾಡುವ ನೀರೆಲ್ಲ ಸೋರಿಹೋಗಲು ಬಿಡಬೇಕು. ಆಮೇಲೂ ತಲೆಭಾಗ ಗೇರ್ ಭಾಗಕ್ಕಿಂತ ಮೇಲಿರಬೇಕು. ಫೋರ್ ಸ್ಟ್ರೋಕ್ ಎಂಜಿನ್ನನ್ನು ಅದರ ಮೇಲೆ ಗುರುತು ಹಾಕಿದ ಪಕ್ಕಕ್ಕೆ ಮಾತ್ರ ಮಲಗಿಸಬಹುದು. ಬೇರೆ ಪಕ್ಕಕ್ಕಾದರೆ ತಳದ ಆಯಿಲ್ ಸಿಲಿಂಡರಿಗೆ ನುಗ್ಗುತ್ತದೆ. ಅದನ್ನು ಅರಿಯದೆ ಸ್ಟಾರ್ಟ್ ಮಾಡಿದರೆ ಪಿಸ್ಟನ್ ಆಯಿಲನ್ನು ಒತ್ತಲಾರದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಹೇಗೆ ಬಂತೆಂದು ತಿಳಿಯದ ಎಂಜಿನ್ನಿನ ಸ್ಪಾರ್ಕ್ ಪ್ಲಗ್ ಬಿಚ್ಚಿ, ಮೊದಲು ಕೈಯಿಂದ ತಿರುಗಿಸಿ ನೋಡಿ. ಎಂಜಿನ್ ದೋಣಿಯ ಮೇಲೇ ಬರಬೇಕಾದರೆ, ಎತ್ತಿ ನಿಲ್ಲಿಸುವ ಚಿಕ್ಕ ಲಾಕ್ ಪಟ್ಟಿಯನ್ನು ನಂಬಬಾರದು. ಅದು ನಿಂತ ನೀರಿಗೆ ಮಾಡಿದ್ದು, ರಸ್ತೆಯ ಕುಲುಕಿಗೆ ಮುರಿಯುತ್ತದೆ. ಕೆಳಗೆ ಮರದ ಆಸರೆ ಕೊಟ್ಟು ಬಿಗಿಯಬೇಕು. ಟ್ಯಾಂಕಿನಲ್ಲೂ ಕಾರ್ಬುರೇಟರಿನಲ್ಲೂ ಪೆಟ್ರೋಲ್ ಇರಬಾರದು. ಬ್ಯಾಟರಿಯ ನೆಗೆಟಿವ್ ತಂತಿಯನ್ನು ಮೊದಲು ಬಿಚ್ಚಿ ಎರಡೂ ತುದಿಗೆ ಮುಚ್ಚಳ ಹಾಕಬೇಕು. ಪ್ರೊಪೆಲರ್ ಪಿನ್, ಬಸಿ ಬಿರಡೆ, ಎಂಜಿನ್ ನಿಲ್ಲಿಸುವ ಕೆಂಪು ದಾರದ ಕ್ಲಿಪ್, ಪೆಟ್ರೋಲ್ ಪಂಪು ಮಾಡುವ ರಬ್ಬರ್ ಗುಂಡು, ಕೀ: ಇವೆಲ್ಲ ಒಂದೇ ಚೀಲದಲ್ಲಿ ಡ್ರೈವರನ ಕೈಯಲ್ಲಿರಲಿ. ಕೋಲಾರದ ಅಂಗಡಿಗಳಲ್ಲಿ ಇವು ಸಿಗುವುದಿಲ್ಲ, ಒಂದು ಕ್ಲಿಪ್ಪಿಗಾಗಿ ರಕ್ಷಣಾ ದೋಣಿ ವಾರಗಟ್ಟಲೆ ನಿಲ್ಲುವಂತಾಗಬಾರದು.

ಕರಾವಳಿಯವರಿಗೆ ಹೊಳೆಯದ ಒಂದು ಸಂಗತಿ ನಮ್ಮ ಎತ್ತರ. ನಾವಿರುವುದು ಸಮುದ್ರಮಟ್ಟದಿಂದ 800–900 ಮೀಟರ್ ಮೇಲೆ. ಗಾಳಿ ತುಂಬುವ ರಬ್ಬರ್ ದೋಣಿಯ ಕೊಳವೆಗಳಲ್ಲಿ ಸಾಮಾನ್ಯವಾಗಿ 0.2–0.25 ಬಾರ್ ಒತ್ತಡವಿರುತ್ತದೆ. ಮಂಗಳೂರಿನಲ್ಲಿ ತುಂಬಿ ತಂದರೆ ಹೊರಗಿನ ಗಾಳಿ ತೆಳುವಾಗಿದ್ದರಿಂದಲೇ ಇಲ್ಲಿ ಸುಮಾರು 0.09 ಬಾರ್ ಹೆಚ್ಚಾಗುತ್ತದೆ. ಬಿಸಿಲಿಗೆ 20 ಡಿಗ್ರಿ ಕಾದರೆ ಇನ್ನೂ 0.08. ಅಂಟಿನ ಹೊಲಿಗೆ ಬಿಡುವುದು ಇದರಿಂದಲೇ. ಗಾಳಿ ತೆಗೆದು ಮಡಿಸಿಯೇ ತರಬೇಕು. ಹಾಗೆಯೇ 40 ಎಚ್‌ಪಿ ಎಂಜಿನ್ ಇಲ್ಲಿ ಕೊಡುವುದು 36–37 ಮಾತ್ರ. ಪೂರ್ತಿ ಆರ್‌ಪಿಎಂ ತಲುಪದೆ ಹೆಣಗುತ್ತದೆ. ಒಂದು ಇಂಚು ಕಡಿಮೆ ಪಿಚ್ಚಿನ (ಒಂದು ಸುತ್ತಿಗೆ ಮುಂದೆ ಸರಿಯಬೇಕಾದ ದೂರ) ಪ್ರೊಪೆಲರ್ ಹಾಕಿದರೆ 150–200 ಆರ್‌ಪಿಎಂ ಮರಳಿ ಬರುತ್ತದೆ. ಆ ಪ್ರೊಪೆಲರನ್ನು ಆದೇಶದಲ್ಲೇ ಕೇಳಿ, ಆಮೇಲೆ ತರಿಸುವುದು ದುಬಾರಿ.

ಹಳೆಯ ದೋಣಿ ಕೊಳ್ಳುವವರಿಗೆ ಕೈಮುಗಿದು ಹೇಳುವ ಮಾತೊಂದಿದೆ. ಕೇರಳದ ಹಿನ್ನೀರಿನ ದೋಣಿಯ ತಳದಲ್ಲಿ ಅಂಟಿದ ಒಂದು ತುಣುಕು ಸಾಲ್ವೀನಿಯಾ ಎಂಬ ತೇಲುವ ಕಳೆ ಸಾಕು, ಕೆರೆಯನ್ನೇ ಮುಚ್ಚಲು. ಈಗಾಗಲೇ ಇರುವ ಅಂತರಗಂಗೆ ಕಳೆಯನ್ನು ಎಳೆದು ಹಾಕುವುದೇ ನಮಗೆ ಸಾಕಾಗಿದೆ. ಅಲ್ಲೇ ತೊಳೆದು, ಒಳನೀರು ಪೂರ್ತಿ ಬಸಿದು, ಒಣಗಿಸಿಯೇ ಲಾರಿಗೆ ಏರಿಸಬೇಕು. ಉಪ್ಪುನೀರಿನಲ್ಲಿ ಓಡಿದ ಎಂಜಿನ್ನಿಗೆ ಹದಿನೈದು ನಿಮಿಷ ಸಿಹಿನೀರು ಹರಿಸಬೇಕು.

ಕಾಗದಪತ್ರದ ಬಗ್ಗೆ. ಮಂಗಳೂರಿನಿಂದ ಕೋಲಾರಕ್ಕೆ ಸುಮಾರು 420 ಕಿ.ಮೀ. ಇ-ವೇ ಬಿಲ್, ಅಂದರೆ ಸರಕಿನ ಜೊತೆ ಇರಬೇಕಾದ ಜಿಎಸ್‌ಟಿ ಸಾಗಣೆ ಪತ್ರ, 200 ಕಿ.ಮೀ.ಗೆ ಒಂದು ದಿನದ ಲೆಕ್ಕದಲ್ಲಿ ಮೂರು ದಿನ ಊರ್ಜಿತ. ಘಾಟಿ ಮುಚ್ಚಿದರೆ ಅವಧಿ ಮುಗಿಯುವುದಕ್ಕೆ ಎಂಟು ಗಂಟೆ ಮೊದಲಿನಿಂದ ಮುಗಿದ ಎಂಟು ಗಂಟೆಯೊಳಗೆ ವಿಸ್ತರಿಸಿಕೊಳ್ಳಬೇಕು. 2.6 ಮೀಟರ್ ಮೀರಿದ ಅಗಲದ ದೋಣಿಗೆ ಬೇರೆ ಅನುಮತಿ ಬೇಕು. ಅದಕ್ಕೆ ಇ-ವೇ ಬಿಲ್ ಲೆಕ್ಕ ದಿನಕ್ಕೆ 20 ಕಿ.ಮೀ. 2007ರ ರಸ್ತೆ ಸಾಗಣೆ ಕಾಯ್ದೆಯಡಿ, ಹೆಚ್ಚಿನ ಮೌಲ್ಯ ಘೋಷಿಸಿರದಿದ್ದರೆ ಸಾಗಣೆದಾರನ ಹೊಣೆ ಬಾಡಿಗೆಯ ಹತ್ತು ಪಟ್ಟಿಗೆ ಸೀಮಿತ. 18,000 ರೂಪಾಯಿ ಬಾಡಿಗೆಗೆ 1.8 ಲಕ್ಷ, ಅದು ಎಂಜಿನ್ನಿಗೂ ಸಾಲದು. ಮೌಲ್ಯ ಬರೆಸಿ, ವಿಮೆ ಮಾಡಿಸಿ. ಪ್ಯಾಕಿಂಗ್ ಸರಿಯಿಲ್ಲದೆ ಆದ ಹಾನಿಯನ್ನು ವಿಮೆ ಕೊಡುವುದಿಲ್ಲ, ಅಲ್ಲೂ ತೊಟ್ಟಿಲೇ ಸಾಕ್ಷಿ. ಸಾಗಣೆದಾರನಿಗೆ ಹಾನಿಯ ನೋಟಿಸನ್ನು ಬುಕಿಂಗ್ ದಿನದಿಂದ 180 ದಿನದೊಳಗೆ ಲಿಖಿತವಾಗಿ ಕೊಡಬೇಕು.

ಹೊರದೇಶದಿಂದ ತರಿಸುವವರು ನಮ್ಮಲ್ಲಿ ವಿರಳ. ಅವರಿಗೆ ಎರಡೇ ಅಳತೆ: ಕಂಟೇನರ್ ಬಾಗಿಲಿನ ಅಗಲ 2.34 ಮೀಟರ್, 20 ಅಡಿಯದರ ಒಳ ಉದ್ದ 5.9 ಮೀಟರ್. ತೊಟ್ಟಿಲಿನ ಮರವನ್ನು ಒಳತಿರುಳು 56 ಡಿಗ್ರಿಯಲ್ಲಿ 30 ನಿಮಿಷ ಇರುವಂತೆ ಕಾಯಿಸಿ ಮುದ್ರೆ ಒತ್ತಿಸಿರಬೇಕು. ಮುದ್ರೆಯಿಲ್ಲದ ಮರ ಬಂದರಿನಲ್ಲೇ ತಡೆಗೆ ಸಿಗುತ್ತದೆ.

ಇಳಿಸುವುದು ಕೊನೆಯ ಗಂಡಾಂತರ. ನಮ್ಮಲ್ಲಿ ಜೆಸಿಬಿಯ ಬಕೆಟ್ಟಿಗೆ ಸರಪಳಿ ಹಾಕಿ ಎತ್ತುತ್ತಾರೆ. ಸರಪಳಿ ಅಂಚನ್ನು ಕಚ್ಚುತ್ತದೆ, ಹಗ್ಗ ಕಟ್ಟುವ ಗೂಟಗಳು ಕಿತ್ತು ಬರುತ್ತವೆ. ಅಗಲವಾದ ಎರಡು ಬೆಲ್ಟ್, ನಡುವೆ ಅವನ್ನು ಅಗಲಿಸಿ ಹಿಡಿಯುವ ಅಡ್ಡ ದಂಡ, ಜೊತೆಗೆ ಬೆಲ್ಟ್‌ಗಳು ಜಾರದಂತೆ ಒಂದಕ್ಕೊಂದು ಕಟ್ಟುವ ಹಗ್ಗ. ಇಷ್ಟಿದ್ದರೆ ಹೈಡ್ರಾ ಕ್ರೇನ್ ಹತ್ತು ನಿಮಿಷದಲ್ಲಿ ಇಳಿಸುತ್ತದೆ. ಕ್ರೇನನ್ನು ಏರಿಯ ಅಂಚಿಗೆ ತರಬೇಡಿ, ಮಣ್ಣು ಕುಸಿಯುತ್ತದೆ. ಕೆರೆಯಂಗಳದ ಕಡೆ ಇಳಿಸಿದರೆ ಹೂಳಿನ ಮೇಲ್ಪದರ ಗಟ್ಟಿಯೆಂದು ಕಂಡರೂ ಒಳಗೆ ಮೆತ್ತಗಿರುತ್ತದೆ. ಬಳ್ಳಾರಿ ಜಾಲಿಯ ಮುಳ್ಳು ರಬ್ಬರ್ ದೋಣಿಗೆ ಯಮ. ದೋಣಿ ಕೊಳ್ಳುವ ಊರಲ್ಲೆಲ್ಲ 3.5 ಮೀಟರ್ ಅಗಲದ, 8 ಮೀಟರಿಗೆ 1 ಮೀಟರ್ ಇಳಿಯುವ, ಗೀರು ಹಾಕಿದ ಕಾಂಕ್ರೀಟ್ ಇಳಿಜಾರು ಒಂದಾದರೂ ಆಗಬೇಕು. ರಾತ್ರಿ ಹೊತ್ತು ಅವಘಡವಾದಾಗ ಕ್ರೇನ್ ಹುಡುಕುತ್ತ ಕೂರುವಂತಿಲ್ಲ.

ಸಹಿ ಹಾಕುವ ಮೊದಲೇ ಪರೀಕ್ಷೆಯಾಗಬೇಕು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ ಆಗಬಾರದು. ಹೊರಟಾಗ ತೆಗೆದ ಫೋಟೊಗಳ ಜೊತೆ ಹೋಲಿಸಿ. ತಳದ ಹಿಂಭಾಗಕ್ಕೆ ಒಂದೂವರೆ ಮೀಟರ್ ನೇರ ಅಲ್ಯೂಮಿನಿಯಂ ಪಟ್ಟಿ ಉದ್ದಕ್ಕೆ ಹಿಡಿದು ಸಂದು ನೋಡಿ, 3 ಮಿ.ಮೀ. ಮೀರಿದರೆ ಹುಕ್ ಬಿದ್ದಿದೆ. ನಾಣ್ಯದಿಂದ ತಟ್ಟುತ್ತ ಹೋಗಿ, ಟಣ್ಣೆನ್ನುವ ಕಡೆ ಗಟ್ಟಿ, ಬೊದ್ದೆನ್ನುವ ಕಡೆ ಪದರ ಬಿಟ್ಟಿದೆ. ಬಿರಡೆ ಹಾಕಿ ಹಿಂಭಾಗದಲ್ಲಿ ಐದು ಸೆಂ.ಮೀ. ನೀರು ನಿಲ್ಲಿಸಿ ಒಂದು ಗಂಟೆ ಕಾದು ಕೆಳಗೆ ಹನಿ ಇದೆಯೇ ನೋಡಿ. ಕಂಡ ದೋಷವನ್ನು ಲಾರಿಯವನ ಎಲ್‌ಆರ್ (ಸರಕು ರಸೀದಿ) ಪ್ರತಿಯ ಮೇಲೇ ಬರೆದು ಸಹಿ ಮಾಡಿ. ಆಮೇಲೆ ಆ ನೀರು ಹೊರಹೋಗಲು ಬಿರಡೆ ಬಿಚ್ಚಿದವರು, ನೀರಿಗಿಳಿಸುವ ಮೊದಲು ಮತ್ತೆ ಹಾಕಿರುವುದನ್ನು ಕೈಯಿಂದಲೇ ಮುಟ್ಟಿ ನೋಡಲಿ.

ಇತಿ,
ದೋಣಿ ಮತ್ತು ಎಂಜಿನ್ ಕೆಲಸದವರು,
ಕೋಲಾರ